ಕಷಾಯದ ಆಂಟಿಯ ಮೂರನೆಯ ಪ್ರಶ್ನೆ

ಹೋದ ತಿಂಗಳು ಇಲ್ಲಿ ಮಲೇಷಿಯಾದಲ್ಲಿ, ಸುಬಾಂಗ್ ಜಯಾದ ಒಂದು ಸಾವಿನ ಮನೆಯಲ್ಲಿ ಕೂತು ಹೊಟ್ಟೆ ತುಂಬ ಕಡಲೆಕಾಯಿ ತಿಂದು ಬಂದೆ. ನಮ್ಮ ಕಡೆ ಸಾವಿನ ಮನೆಯಲ್ಲಿ ನೀರು ಕುಡಿಯಲೂ ಹಿಂದೆ ಮುಂದೆ ನೋಡುತ್ತೇವೆ. ಇಲ್ಲಿನ ಚೀನೀಯರು ಬಂದವರ ಮುಂದೆ ಕಡಲೆಕಾಯಿ, ಕಲ್ಲಂಗಡಿ ಬೀಜ ಸುರಿದು ಕೂರಿಸುತ್ತಾರೆ. ಸಿಪ್ಪೆ ಬಿಡಿಸುತ್ತ ಬಿಡಿಸುತ್ತ ಅಭ್ಯಾಸಬಲದಿಂದ ನನ್ನ ತಲೆಯಲ್ಲಿ ಲೆಕ್ಕ ಶುರುವಾಯಿತು: ಕಡಲೆಕಾಯಿ ಉಷ್ಣ, ಹುರಿದದ್ದಂತೂ ಇನ್ನೂ ಉಷ್ಣ. ಅಷ್ಟರಲ್ಲಿ ತೀರಿಕೊಂಡವರ ಮಗಳು ಬಂದು ಸೇವಂತಿಗೆ ಹೂವಿನ ಟೀ ಡಬ್ಬಿಗೆ ಸ್ಟ್ರಾ ಚುಚ್ಚಿ ಕೈಗಿಟ್ಟಳು. ಸೇವಂತಿಗೆ ತಂಪು. ಕಡಲೆಕಾಯಿ ತಿಂದವರಿಗೆಲ್ಲ ಇದನ್ನೂ ಕೊಡಬೇಕು, ನನ್ನ ಸಾವಿಗೆ ಬಂದು ಯಾರೂ ಗಂಟಲು ಕೆಡಿಸಿಕೊಂಡು ಹೋಗಬಾರದು ಎಂದು ಅಮ್ಮ ಮೊದಲೇ ಹೇಳಿಟ್ಟಿದ್ದರಂತೆ. ಅತ್ತುಕೊಂಡೇ ನಕ್ಕಳು, ನಾನೂ ನಕ್ಕೆ.

ಆ ಅಮ್ಮನ ಹೆಸರು ನನಗೆ ಗೊತ್ತಿರಲಿಲ್ಲ. ಫೋಟೋದ ಕೆಳಗೆ ಚೀನೀ ಅಕ್ಷರಗಳಲ್ಲಿ ಬರೆದಿದ್ದರು, ಓದಲು ಬರಲಿಲ್ಲ. ಒಂಬತ್ತು ವರ್ಷ ಅವರು ನನಗೆ ಆಂಟಿ, ನಾನು ಅವರಿಗೆ ಬಾಸ್. ಇಲ್ಲಿ ಗಿರಾಕಿಗಳನ್ನೆಲ್ಲ ಬಾಸ್ ಎಂದೇ ಕರೆಯುತ್ತಾರೆ, ಅದರಲ್ಲಿ ನನ್ನ ಹೆಚ್ಚುಗಾರಿಕೆಯೇನಿಲ್ಲ. ಮನೆಯಲ್ಲಿ ನಾವು ಅವರನ್ನು ಕಷಾಯದ ಆಂಟಿ ಎನ್ನುತ್ತಿದ್ದೆವು. ಪುಚೊಂಗಿನಲ್ಲಿ ನಮ್ಮ ಕಾಂಡೋ ಗೇಟಿನ ಎದುರಿನ ಅಂಗಡಿಸಾಲಿನಲ್ಲಿ, ತಮಿಳು ಮುಸ್ಲಿಮರ ಮಾಮಕ್ ಹೋಟೆಲಿಗೂ ಟೈರ್ ಅಂಗಡಿಗೂ ನಡುವೆ, ಅವರ ಔಷಧಿ ಅಂಗಡಿ ಇತ್ತು. ಒಳಗೆ ಸೂರಿನವರೆಗೆ ಮರದ ಸಣ್ಣ ಸಣ್ಣ ಡ್ರಾಯರುಗಳು, ಅವುಗಳಲ್ಲಿ ಬೇರು, ತೊಗಟೆ, ಒಣಹಣ್ಣು, ಹೂವು. ಮುಂದುಗಡೆ ನಲ್ಲಿಯಿಟ್ಟ ಎರಡು ಹಿತ್ತಾಳೆ ಹಂಡೆ. ಒಂದರಲ್ಲಿ ಕಹಿ ಕಷಾಯ, ಇನ್ನೊಂದರಲ್ಲಿ ಸುಮಾರಾಗಿ ಕಹಿ ಕಷಾಯ. ಮೈ ಉಷ್ಣವಾದವರು ನಿಂತಲ್ಲೇ ಒಂದು ಲೋಟ ಕುಡಿದು, ಮುಖ ಕಿವಿಚಿಕೊಂಡು, ಕೆಲಸಕ್ಕೆ ಹೋಗುತ್ತಿದ್ದರು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮತ್ತೆ ಈ ಹೊತ್ತು ಮೈಸೂರಿನಲ್ಲಿ ತರಕಾರಿಯವನ ಹತ್ತಿರ ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡುತ್ತ ಚೆನ್ನಾಗಿದ್ದಾರೆ. ಅದಕ್ಕೆ ಕಾರಣ ಈ ಆಂಟಿ. ನೆಂಟರಿಷ್ಟರು ಆ ಕಥೆ ಹೇಳುವಾಗ ಆಂಟಿಯ ಜೊತೆಗೆ ನನ್ನನ್ನೂ ಸೇರಿಸಿ ಹೊಗಳುತ್ತಾರೆ. ಅದು ಸುಳ್ಳು. ಅತ್ತೆ ನನ್ನಿಂದ ಉಳಿದದ್ದಲ್ಲ, ನನ್ನಿಂದ ಹೋಗಿಯೇಬಿಡುತ್ತಿದ್ದರು. ಇದು ಆಂಟಿಯೊಬ್ಬರಿಗೇ ಗೊತ್ತಿತ್ತು. ನನ್ನ ಹೆಂಡತಿಗೆ ಮೂರು ವರ್ಷವಾದರೂ ನಾನು ಹೇಳಿರಲಿಲ್ಲ. ಆಂಟಿ ಹೋದ ಮೇಲೆ ಆ ಗುಟ್ಟು ನನ್ನೊಬ್ಬನ ಮೈಮೇಲೆ ಬಿತ್ತು, ಹೊತ್ತುಕೊಂಡು ಓಡಾಡುವುದು ಕಷ್ಟವಾಯಿತು.

ಆಂಟಿ ಕುಳ್ಳಗೆ, ತೆಳ್ಳಗೆ ಇದ್ದರು. ಕತ್ತಿಗೆ ಸರಪಳಿ ಕಟ್ಟಿದ ಕನ್ನಡಕ, ಎಡಗೈಯಲ್ಲಿ ಹಸಿರು ಕಲ್ಲಿನ ಬಳೆ, ನಾಲ್ಕು ಜೇಬಿನ ಏಪ್ರನ್. ಔಷಧಿ ತೂಗುವುದಕ್ಕೆ ಕೋಲಿನ ಒಂದು ತುದಿಗೆ ಬಟ್ಟಲು ತೂಗುಬಿಟ್ಟ ಹಳೇ ಕೈತಕ್ಕಡಿ. ಅದು ಯಾವಾಗಲೂ ಸ್ವಲ್ಪ ಅಲ್ಲಾಡುತ್ತಲೇ ಇರುತ್ತಿತ್ತು. ಡಿಜಿಟಲ್ ತಕ್ಕಡಿ ತಗೊಳ್ಳಿ ಎಂದು ನಾನೊಮ್ಮೆ ಬುದ್ಧಿ ಹೇಳಿದೆ. ಅಲ್ಲಾಡದೆ ನಿಂತರೆ ತಕ್ಕಡಿ ಕೆಟ್ಟಿದೆ ಅಂತ ಅರ್ಥ, ಮನುಷ್ಯರೂ ಅಷ್ಟೇ ಎಂದರು. ಅವರ ಮಲೇಷಿಯಾ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಅರ್ಧ ರುಚಿ ಹೋಗುತ್ತದೆ. ಪ್ರತಿ ವಾಕ್ಯದ ಕೊನೆಗೆ ಒಂದು 'ಲಾ' ಇದೆ ಎಂದುಕೊಂಡು ಓದಿಕೊಳ್ಳಿ.

ಅವರನ್ನು ಸಾಧ್ವಿ ಎಂದುಕೊಳ್ಳಬೇಡಿ. ಊರಿಗೆಲ್ಲ ಕರಿದದ್ದು ತಿನ್ನಬೇಡಿ ಎಂದು ಹೇಳುತ್ತ, ಗಲ್ಲಾದ ಕೆಳಗೆ ಕರಿದ ಬಾಳೆಹಣ್ಣಿನ ಪೊಟ್ಟಣ ಇಟ್ಟುಕೊಂಡಿರುತ್ತಿದ್ದರು. ಸಿಕ್ಕಿಬಿದ್ದರೆ ನಾಚಿಕೆಯೇನಿಲ್ಲ, ಹಂಡೆಯ ನಲ್ಲಿ ತಿರುಗಿಸಿ ಅರ್ಧ ಲೋಟ ಕಷಾಯ ಕುಡಿದು, ಈಗ ಸಮ ಆಯಿತಲ್ಲ ಎಂಬ ಮುಖ ಮಾಡುತ್ತಿದ್ದರು. ಯಾರಾದರೂ ಡಾಕ್ಟರ್ ಎಂದು ಕರೆದರೆ ಮಾತ್ರ ಸಿಟ್ಟು. ನಾಡಿ ನೋಡುತ್ತಿದ್ದವರು ಅಪ್ಪ, ನಾನು ಬರೀ ಅಂಗಡಿ ಇಟ್ಟವಳು, ನನಗೆ ಮುಖ ಓದಲು ಬರುತ್ತದೆ, ನಾಲಿಗೆ ಓದಲು ಬರುತ್ತದೆ, ಅಷ್ಟೇ ಎನ್ನುವರು. ಹಾಗಾಗಿ ಅಂಗಡಿಗೆ ಹೋದವರೆಲ್ಲ ನಾಲಿಗೆ ಚಾಚಬೇಕು. ಟೈ ಕಟ್ಟಿದ ಮ್ಯಾನೇಜರುಗಳು ಸಾಲಾಗಿ ನಿಂತು ನಾಲಿಗೆ ಚಾಚುವುದನ್ನು ನೋಡುವುದೇ ನನ್ನ ಮಗಳಿಗೆ ಒಂದು ಮನರಂಜನೆ.

ನನ್ನ ನಾಲಿಗೆ ನೋಡಿ ಮೊದಲ ದಿನವೇ ತೀರ್ಪು ಕೊಟ್ಟರು: ಬಾಸ್ ಒಳಗೆ ತೇವ ಜಾಸ್ತಿ. ಮಾಮಕ್‌ನಲ್ಲಿ ದಿನಾ ಎರಡು ರೊಟ್ಟಿ ಚನಾಯ್, ಮೇಲೆ ಗಟ್ಟಿ ಹಾಲಿನ ಚಹಾ, ಆಮೇಲೆ ಎಂಟು ಗಂಟೆ ಏಸಿಯಲ್ಲಿ ಕೂತರೆ ಇನ್ನೇನಾಗುತ್ತದೆ ಎಂದು ಬಾರ್ಲಿಯ ಪೊಟ್ಟಣ ಕೈಗಿಟ್ಟರು. ಮಗಳು ಮನೆಗೆ ಓಡಿ ಹೋಗಿ, ಮಮ್ಮಿ, ಡ್ಯಾಡಿ ಈಸ್ ಡ್ಯಾಂಪ್ ಎಂದು ಸಾರಿದಳು. ಆಮೇಲೆ ಮನೆಯಲ್ಲಿ ನಾನು ಸೋಫಾ ಬಿಟ್ಟು ಏಳದ ದಿನವೆಲ್ಲ ನನ್ನನ್ನು ಬಿಸಿಲಿಗೆ ಹಾಕಬೇಕೆಂಬ ಮಾತು ಬರುತ್ತಿತ್ತು.

ಋತು ನೋಡಿ ತಿನ್ನಬೇಕು ಎನ್ನುವುದು ಅವರ ಶಾಸ್ತ್ರ. ವರ್ಷವೆಲ್ಲ ಒಂದೇ ಸೆಕೆಯಿರುವ ಈ ಊರಿನಲ್ಲಿ ಋತು ಎಲ್ಲಿಂದ ತರುವುದು ಎಂದು ಒಮ್ಮೆ ಕೇಳಿದೆ. ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ಚೀನೀ ಕ್ಯಾಲೆಂಡರಿತ್ತು. ಆವತ್ತಿನ ಹಾಳೆಯಲ್ಲಿ 'ಮಹಾ ಶೀತ' ಎಂದಿದೆಯೆಂದು ಓದಿ ಹೇಳಿದರು. ಹೊರಗೆ ಟಾರು ಕರಗುವ ಬಿಸಿಲು. "ಕ್ಯಾಲೆಂಡರ್ ಚೈನಾದ್ದು, ಹೊಟ್ಟೆ ಪುಚೊಂಗಿನದು," ಎಂದು ಹಾಳೆ ಹರಿದು, ಅದರಲ್ಲೇ ನನಗೆ ಒಣ ಖರ್ಜೂರದಂಥ ಕೆಂಪು ಹಣ್ಣು ಕಟ್ಟಿಕೊಟ್ಟರು. ಪುಚೊಂಗಿನ ಹೊಟ್ಟೆಗೆ ಅವರೇ ಋತುಗಳನ್ನು ಮಾಡಿಕೊಂಡಿದ್ದರು. ಕಾಡು ಸುಟ್ಟ ಹೊಗೆ ಊರ ಮೇಲೆ ಕೂರುವ ಹೊಗೆಗಾಲ, ಆಗ ಕಲ್ಲುಸಕ್ಕರೆ ಹಾಕಿ ಬೇಯಿಸಿದ ಪೇರ್ ಹಣ್ಣು. ಮಧ್ಯಾಹ್ನವೆಲ್ಲ ಮಳೆ ಹೊಯ್ಯುವ ವರ್ಷದ ಕೊನೆ, ಆಗ ಶುಂಠಿ. ಮಕ್ಕಳ ಪರೀಕ್ಷೆಗಾಲ. ದೀಪಾವಳಿ ಮುಗಿದ ವಾರ, ಅದಕ್ಕೆ ನಮ್ಮಂಥವರಿಗೆಂದೇ ಅಜೀರ್ಣದ ಪೊಟ್ಟಣ. ಎಲ್ಲಕ್ಕಿಂತ ದೊಡ್ಡದು ಡುರಿಯನ್‌ಗಾಲ. ಆ ಮುಳ್ಳುಹಣ್ಣು ಹೇಳಲಾರದಷ್ಟು ಉಷ್ಣ. ತಿಂದ ಮೇಲೆ ಅದರ ಸಿಪ್ಪೆಯ ಗುಳಿಯಲ್ಲೇ ಉಪ್ಪುನೀರು ಹಾಕಿಕೊಂಡು ಕುಡಿಯಬೇಕು, ಜೊತೆಗೆ ಮ್ಯಾಂಗೋಸ್ಟೀನ್ ತಿನ್ನಬೇಕು ಎಂದು ಇಲ್ಲಿನವರ ನಂಬಿಕೆ. ನಾನು ಎಲ್ಲವನ್ನೂ ನಂಬಿದೆನೆಂದಲ್ಲ, ಆದರೆ ತಿನ್ನಲು ಹೇಳುವ ಶಾಸ್ತ್ರವನ್ನು ನಾನು ಯಾವತ್ತೂ ವಿರೋಧಿಸಿದವನಲ್ಲ.

ಇನ್ನು ಅವರ ಪ್ರಶ್ನೆ ಕೇಳುವ ಕ್ರಮ. ಯಾರೇ ಏನೇ ಕೇಳಿಕೊಂಡು ಬರಲಿ, ಮೂರು ಸಲ ಪ್ರಶ್ನೆ ಕೇಳದೆ ಡ್ರಾಯರಿಗೆ ಕೈ ಹಾಕುತ್ತಿರಲಿಲ್ಲ. ಸುಬಾಂಗ್ ಜಯಾದ ಕಾಲೇಜಿಗೆ ಬಂದಿದ್ದ ಹುಬ್ಬಳ್ಳಿಯ ಹುಡುಗನೊಬ್ಬ ಪರಿಚಯವಾಗಿದ್ದ. ಮುಖದ ತುಂಬ ಮೊಡವೆ ಎಂದು ಅಳುಮುಖ ಮಾಡಿದ್ದವನನ್ನು ಆಂಟಿಯ ಮುಂದೆ ನಿಲ್ಲಿಸಿದೆ. ಏನಾಗಿದೆ? ಮೊಡವೆ. ಏನು ತಿನ್ನುತ್ತೀಯ? ಮೂರು ಹೊತ್ತೂ ಪ್ಯಾಕೆಟ್ ನೂಡಲ್ಸ್. ಯಾರ ಜೊತೆ ಕೂತು ತಿನ್ನುತ್ತೀಯ? ಒಬ್ಬನೇ. ಆಂಟಿ ಔಷಧಿ ಕೊಡಲಿಲ್ಲ, ನನ್ನ ಕಡೆ ತಿರುಗಿ, ಭಾನುವಾರ ಭಾನುವಾರ ಇವನಿಗೆ ನಿಮ್ಮನೆಯಲ್ಲಿ ಊಟ ಎಂದು ಅಪ್ಪಣೆ ಮಾಡಿದರು. ಡಿಗ್ರಿ ಮುಗಿಯುವವರೆಗೂ ಬಂದ. ಒಂದು ವಾರವೂ ತಪ್ಪಿಸದೆ ಬಾಗಿಲಲ್ಲಿ ನಿಂತು, "ಅಂಕಲ್, ಆಂಟಿ ಹೇಳ್ಯಾರ, ನಾ ಏನ್ ಮಾಡ್ಲಿ," ಎನ್ನುತ್ತಿದ್ದ. ಮೂರು ಸಲ ಯಾಕೆ ಕೇಳುತ್ತೀರಿ ಎಂದರೆ ಆಂಟಿ ಬೆರಳು ಮಡಿಸಿ ಹೇಳುವರು: ಮೊದಲ ಉತ್ತರ ಅವರು ಕೊಳ್ಳಬೇಕೆಂದು ಬಂದದ್ದು, ಎರಡನೆಯದು ಮನೆಯವರಿಗೆ ಹೇಳಿಕೊಂಡದ್ದು, ಕಾಯಿಲೆ ಇರುವುದು ಮೂರನೆಯದರಲ್ಲಿ.

ನಮ್ಮತ್ತೆ ವರ್ಷಕ್ಕೊಂದು ಸಲ ಒಂದು ತಿಂಗಳಿಗೆಂದು ಬರುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಆಂಟಿಗೆ ಕನ್ನಡ ಬಾರದು. ಮೊದಲ ಸಲ ಅಂಗಡಿಗೆ ಕರೆದುಕೊಂಡು ಹೋದಾಗ ಅತ್ತೆ ಕಹಿ ಕಷಾಯವನ್ನು ಒಂದೇ ಗುಕ್ಕಿಗೆ ಕುಡಿದು, ನೆಲಬೇವು ಬಿದ್ದಿದೆ, ಒಳ್ಳೇದು ಎಂದರು. ಮುಖ ಕಿವಿಚದೆ ಕುಡಿದವರನ್ನು ಆಂಟಿ ಅದೇ ಮೊದಲು ನೋಡಿದ್ದು. ಅಲ್ಲಿಂದ ಇಬ್ಬರೂ ಗಂಟುಬಿದ್ದರು. ಬಾಯಿಯ ಮುಂದೆ ಕೈ ಬೀಸಿಕೊಂಡರೆ ಉಷ್ಣ, ಭುಜ ತಬ್ಬಿಕೊಂಡರೆ ಶೀತ, ಇಷ್ಟರಲ್ಲೇ ಗಂಟೆಗಟ್ಟಲೆ ಮಾತು. ಅತ್ತೆ ನಮ್ಮ ಕಡೆಯ ಸಾಮಾನೆಲ್ಲ ಸಿಗುವ ಬ್ರಿಕ್‌ಫೀಲ್ಡ್ಸ್‌ನಿಂದ ರಾಗಿಹಿಟ್ಟು ತರಿಸಿ ಗಂಜಿ ಕಾಸಿ ಕೊಟ್ಟರು. ಆಂಟಿ ಚಪ್ಪರಿಸಿ ಭುಜ ತಬ್ಬಿಕೊಂಡರು, ತಂಪು. ಅತ್ತೆಗೆ ಪರೀಕ್ಷೆಯಲ್ಲಿ ಮಗಳು ಪಾಸಾದಷ್ಟು ಖುಷಿ. ಎಳ್ಳು ಚಳಿಗಾಲದ್ದು ಎನ್ನುವುದರಲ್ಲಿ ಇಬ್ಬರಿಗೂ ಒಮ್ಮತ. ನಮ್ಮ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಬದಲಾಗಿ ಅವರಿಂದ ಕರಿಎಳ್ಳಿನ ಹೂರಣ ತುಂಬಿದ ಅಕ್ಕಿಹಿಟ್ಟಿನ ಉಂಡೆ ಶುಂಠಿಪಾಕದಲ್ಲಿ ತೇಲುತ್ತ ಬಂತು.

ಜಗಳವಾದದ್ದು ಪರಂಗಿ ಹಣ್ಣಿನ ವಿಷಯದಲ್ಲಿ ಮಾತ್ರ. ಅತ್ತೆಗೆ ಅದು ಕಡು ಉಷ್ಣ, ಆಂಟಿಗೆ ತಂಪು. ಇವರು ಕೈ ಬೀಸುವುದು, ಅವರು ಭುಜ ತಬ್ಬಿಕೊಳ್ಳುವುದು, ನಡುವೆ ಕೊಯ್ದ ಹಣ್ಣು. ಮಧ್ಯಸ್ಥಿಕೆಗೆ ಹೋದ ನಾನು ಪೂರ್ತಿ ಹಣ್ಣು ತಿಂದು ಮುಗಿಸಿದೆ. ಎರಡು ದಿನ ಮಾತಿಲ್ಲ, ಮೂರನೆಯ ದಿನ ಅತ್ತೆಯೇ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು.

ಮೂರು ವರ್ಷದ ಹಿಂದಿನ ಡುರಿಯನ್‌ಗಾಲ. ಶನಿವಾರ ಎಲ್ಲರೂ ಹೋಗಿ ಹಣ್ಣು ತಿಂದು ಬಂದಿದ್ದೆವು. ಮೂಗು ಮುಚ್ಚಿಕೊಂಡು ಶುರು ಮಾಡಿದ ಅತ್ತೆ ಕೊನೆಗೆ ನಾಲ್ಕು ತೊಳೆ ತಿಂದಿದ್ದರು. ಭಾನುವಾರ ಬೆಳಗ್ಗೆ ಹೆಂಡತಿ ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಕರೆದುಕೊಂಡು ಬ್ರಿಕ್‌ಫೀಲ್ಡ್ಸ್‌ಗೆ ಹೋಗಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ಅತ್ತೆ ಸೋಫಾದ ಅಂಚಿಗೆ ಕೂತು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ, ತುಂಬ ಸಂಕೋಚದಿಂದ, "ಯಾಕೋ ಎದೆ ಉರೀತಿದೆ, ನಿನ್ನೆ ಹಣ್ಣು ಉಷ್ಣ ಆಗಿರ್ಬೇಕು. ಆಂಟಿ ಹತ್ರ ಒಂದು ಲೋಟ ಕಷಾಯ ತಂದ್ಬಿಡ್ತೀರಾ?" ಎಂದರು. ಅಳಿಯನಿಗೆ ಕೆಲಸ ಹೇಳುವುದೆಂದರೆ ಅವರಿಗೆ ಕುತ್ತಿಗೆಗೆ ಬರುತ್ತಿತ್ತು. ನಾನು ಕೂಡಲೇ ಇಳಿದೆ.

ಆಂಟಿ ಲೋಟ ಕೈಗೆತ್ತಿಕೊಂಡೇ ಏನಾಗಿದೆ ಎಂದರು. ಡುರಿಯನ್, ಉಷ್ಣ ಎಂದೆ. ಎಲ್ಲಿ ಎಂದರು. ಎದೆ ಉರಿ, ಗ್ಯಾಸ್ಟ್ರಿಕ್ ಇದ್ದರೂ ಇರಬಹುದು ಎಂದೆ. ಈಗ ಏನು ಮಾಡುತ್ತಿದ್ದಾರೆ? ಕೂತಿದ್ದಾರೆ, ಏಸಿ ಹಾಕಿದ್ದೇನೆ, ಆದರೂ ಬೆವರು ಒರೆಸಿಕೊಳ್ಳುತ್ತಿದ್ದಾರೆ. ಆಂಟಿ ಲೋಟ ಕೆಳಗಿಟ್ಟರು.

"ಬೆವರು ಬಿಸಿಯೋ ತಣ್ಣಗೋ?"

ನನಗೆ ಹೇಗೆ ಗೊತ್ತಾಗಬೇಕು? ಅತ್ತೆಯ ಹಣೆ ಮುಟ್ಟಿ ನೋಡುವ ಅಳಿಯ ನಮ್ಮಲ್ಲಿ ಯಾರಿದ್ದಾರೆ? ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನಾನು ಅವರ ಕಾಲು ಮುಟ್ಟಿದ್ದೇನೆ, ಅಷ್ಟೇ. ಅದನ್ನೇ ಹೇಳಿದೆ, ನಗುತ್ತಲೇ ಹೇಳಿದೆ. ಆಂಟಿ ನಗಲಿಲ್ಲ.

"ಉಷ್ಣಕ್ಕೆ ತಣ್ಣನೆ ಬೆವರು ಬರಲ್ಲ, ಬಾಸ್. ನಿನಗೆ ಗೊತ್ತಿಲ್ಲ ಅಂದರೆ ನಾನು ಮಾರಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗು."

ನನಗೆ ರೇಗಿತು. ಒಂದು ಲೋಟ ಕಷಾಯಕ್ಕೆ ಇಷ್ಟು ವಿಚಾರಣೆಯೇ? ಭಾನುವಾರ, ಆಸ್ಪತ್ರೆ, ಗಂಟೆಗಟ್ಟಲೆ ಕಾಯುವುದು, ಅಲ್ಲಿ ಅವರು ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸುವುದು, ಎಲ್ಲ ಕಣ್ಣಮುಂದೆ ಬಂತು. ಆಗಲಿ ಎಂದು ತಲೆಯಾಡಿಸಿ, ಅವರ ಕಣ್ಣಿಗೆ ಬೀಳದ ಹಾಗೆ ಹಿಂದಿನ ಬೀದಿಗೆ ಹೋದೆ. ಅಲ್ಲೊಂದು ತಳ್ಳುಗಾಡಿಯಲ್ಲಿ ಇಂಥದೇ ಕಷಾಯ ಸಿಗುತ್ತಿತ್ತು. ಒಂದು ಲೋಟ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ, ಮುಚ್ಚಳ ಹಾಕಿದ ಪ್ಲಾಸ್ಟಿಕ್ ಲೋಟ ಹಿಡಿದು ಓಡಿ ಬಂದು ಅತ್ತೆಗೆ ಕೊಟ್ಟೆ. ಅವರು ಪೂರ್ತಿ ಕುಡಿದರು. ಈಗ ಎಷ್ಟೋ ಮೇಲು ಎಂದರು. ನಾನು ಲ್ಯಾಪ್‌ಟಾಪ್ ತೆರೆದು ಕೂತೆ.

ಅರ್ಧ ಗಂಟೆಯ ಮೇಲೆ ಬೆಲ್ಲಾಯಿತು. ಬಾಗಿಲಲ್ಲಿ ಆಂಟಿ, ಏಪ್ರನ್ ಬಿಚ್ಚಿಲ್ಲ, ಕೈಯಲ್ಲಿ ಕಾರಿನ ಕೀ. ಅವರು ಹಗಲು ಹೊತ್ತಿನಲ್ಲಿ ಅಂಗಡಿಯ ಷಟರ್ ಎಳೆದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಂಗಡಿಯಿಂದ ನಮ್ಮ ಗೇಟು ಕಾಣುತ್ತದೆ. ನನ್ನ ಕಾರು ಹೊರಗೆ ಬರುವುದನ್ನೇ ಕಾಯುತ್ತ ನಿಂತಿದ್ದರಂತೆ, ಬರಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದು ಅತ್ತೆಯ ಹಣೆ, ಕತ್ತು, ಅಂಗೈ ಮುಟ್ಟಿದರು. ಅತ್ತೆಯ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅದೂ ನನಗೆ ಆಗಲೇ ಕಂಡದ್ದು. ಆಂಟಿ ಟೀಪಾಯಿಯ ಮೇಲಿದ್ದ ಖಾಲಿ ಲೋಟ ನೋಡಿದರು, ನನ್ನನ್ನು ನೋಡಿದರು, ಲೋಟವನ್ನು ಹಿಸುಕಿ ಏಪ್ರನ್ ಜೇಬಿಗೆ ಹಾಕಿಕೊಂಡರು. ಇಬ್ಬರೂ ಸೇರಿ ಅತ್ತೆಯನ್ನು ಕೆಳಗಿಳಿಸಿ ಕಾರಿಗೆ ಹತ್ತಿಸಿದೆವು.

ಹೃದಯಾಘಾತ. ಮಧ್ಯಾಹ್ನವೇ ಸ್ಟೆಂಟ್ ಹಾಕಿದರು. ಇನ್ನೊಂದು ಗಂಟೆ ಹೋಗಿದ್ದರೆ ಹೇಳಲು ಬರುತ್ತಿರಲಿಲ್ಲ ಎಂದರು ಡಾಕ್ಟರು. ಹೆಂಡತಿ ಅಳುತ್ತ ಓಡಿ ಬಂದು ಏನಾಯಿತು, ಹೇಗೆ ಗೊತ್ತಾಯಿತು ಎಂದು ಕೇಳಿದಳು. ಆಂಟಿಯೇ ಅವಳ ಬೆನ್ನು ಸವರುತ್ತ, ನಿನ್ನ ಗಂಡ ಬೇಗ ಬಂದು ಕರೆದ, ಅದರಿಂದ ಒಳ್ಳೇದಾಯಿತು ಎಂದುಬಿಟ್ಟರು. ಆ ಮಾತೇ ನಮ್ಮ ಬಂಧುಬಳಗದಲ್ಲೆಲ್ಲ ಓಡಾಡಿತು.

ಅತ್ತೆ ಮನೆಗೆ ಬಂದ ವಾರ ನಾನು ಬ್ರಿಕ್‌ಫೀಲ್ಡ್ಸ್‌ನಿಂದ ಮೈಸೂರುಪಾಕು ಕಟ್ಟಿಸಿಕೊಂಡು ಅಂಗಡಿಗೆ ಹೋದೆ. ತುಪ್ಪ, ಸಕ್ಕರೆ, ಉಷ್ಣವೂ ಹೌದು ತೇವವೂ ಹೌದು ಎಂದು ತೀರ್ಪು ಕೊಟ್ಟು ಮೂರು ತುಂಡು ತಿಂದರು. ಯಾಕೆ ಹಾಗೆ ಹೇಳಿದಿರಿ ನನ್ನ ಹೆಂಡತಿಗೆ ಎಂದು ಕೇಳಿದೆ. ಅವರು ಕೈ ಒರೆಸಿಕೊಂಡು ಹಂಡೆಯ ಕಡೆ ನೋಡುತ್ತ ಹೇಳಿದರು. ಅವರ ಗಂಡ ಹೋಗಿ ಮೂವತ್ತು ವರ್ಷವಾಗಿತ್ತು. ಅವರು ತೀರಿಕೊಂಡದ್ದು ಚೀನೀ ಹೊಸವರ್ಷದ ಹಿಂದಿನ ದಿನ, ಅಂಗಡಿ ತುಂಬ ಜನ. ಗಂಡ ಒಳಗಿನಿಂದ ಬಂದು, ಸ್ವಲ್ಪ ಉಷ್ಣ ಅಷ್ಟೇ, ನೀನು ವ್ಯಾಪಾರ ನೋಡು ಎಂದಿದ್ದರು. ಕೆಲಸದ ಹೊತ್ತಿನಲ್ಲಿ ಹೆಂಡತಿಗೆ ತೊಂದರೆ ಆಗಬಾರದು ಎಂದು.

"ನಾನು ಒಂದು ಸಲ ಕೇಳಿದೆ, ಒಂದು ಲೋಟ ಕೊಟ್ಟೆ," ಎಂದರು ಆಂಟಿ. "ಒಳ್ಳೆಯವರಾಗಿರೋದಕ್ಕೆ ಜನ ಸುಳ್ಳು ಹೇಳ್ತಾರೆ, ಬಾಸ್. ನಿನ್ನನ್ನು ಬೈದರೆ ನನ್ನನ್ನೇ ಬೈದ ಹಾಗೆ."

ಆಮೇಲೆ ಅವರು ನಾಲ್ಕು ಜನ ಗಿರಾಕಿಗಳ ನಾಲಿಗೆ ನೋಡಿದರು. ನಾನು ಅಲ್ಲೇ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದೆ. ನನಗೆ ಅಳು ಬಂತು, ತೇವ ಹೊರಗೆ ಹೋಗಲಿ ಬಿಡು ಎಂದರು.

ಹೋದ ವರ್ಷ ಮಂಡಿ ನೋವೆಂದು ಅಂಗಡಿ ಬಿಟ್ಟು ಮಗಳ ಮನೆ ಸೇರಿದರು. ಎರಡು ಸಲ ಹೋಗಿ ನೋಡಿ ಬಂದೆ. ಎರಡೂ ಸಲ ಅತ್ತೆಯನ್ನು ಕೇಳಿದರು, ಕೈ ಬೀಸಿ, ಭುಜ ತಬ್ಬಿ, ಪರಂಗಿ ಹಣ್ಣಿನ ಆಕಾರ ತೋರಿಸಿ.

ಸಾವಿನ ಮನೆಯಿಂದ ಬಂದ ಮಾರನೆಯ ದಿನ ಬೆಳಗ್ಗೆ, ಹೆಂಡತಿ ಕೆಲಸಕ್ಕೆ ಹೋದ ಮೇಲೆ, ಮೈಸೂರಿಗೆ ಫೋನ್ ಮಾಡಿದೆ. ಆಂಟಿ ಹೋದರು ಎಂದೆ. ಅತ್ತೆ ಸ್ವಲ್ಪ ಹೊತ್ತು ಅತ್ತರು. ಎಷ್ಟು ಕೊಟ್ಟರೂ ತೀರದ ಋಣ ಎಂದು ಶುರು ಮಾಡಿ, ನೀವೂ ಆವತ್ತು ಅಷ್ಟು ಬೇಗ ಹೋಗಿ ಕರೆಯದಿದ್ದರೆ ಎನ್ನುವಷ್ಟರಲ್ಲಿ ನಾನು ತಡೆದೆ. ಇಂಥದನ್ನು ನಿಧಾನವಾಗಿ ಹೇಳಲು ಹೋದರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. ಒಂದೇ ಉಸಿರಿಗೆ ಹೇಳಿದೆ: ಆಂಟಿ ಕಷಾಯ ಕೊಡಲಿಲ್ಲ, ಆಸ್ಪತ್ರೆಗೆ ಹೋಗು ಎಂದಿದ್ದರು, ನಾನು ಕೇಳಲಿಲ್ಲ, ಹಿಂದಿನ ಬೀದಿಯಿಂದ ತಂದು ಕುಡಿಸಿದೆ, ನಿಮ್ಮ ಅರ್ಧ ಗಂಟೆ ನಾನು ಹಾಳು ಮಾಡಿದೆ, ಇಷ್ಟು ವರ್ಷ ಮುಚ್ಚಿಟ್ಟೆ, ಇವತ್ತು ಸಂಜೆ ನಿಮ್ಮ ಮಗಳಿಗೂ ಹೇಳುತ್ತೇನೆ.

ಆ ಕಡೆ ಅತ್ತೆ ಮೂಗೊರೆಸಿಕೊಂಡರು.

"ಅದು ಅವರಂಗಡೀದಲ್ಲ ಅಂತ ಒಂದು ಗುಟುಕಿಗೇ ಗೊತ್ತಾಯ್ತು," ಎಂದರು ಅತ್ತೆ. "ಅವ್ರು ಕೊಟ್ಟಿಲ್ಲ ಅಂದ್ರೆ ಏನೋ ಇರ್ಬೇಕು, ಸುಮ್ನೆ ಇಲ್ಲ ಅನ್ನೋರಲ್ಲ ಅಂತಾನೂ ಅನ್ನಿಸ್ತು."

ಹಾಗಿದ್ದ ಮೇಲೆ ಯಾಕೆ ಕುಡಿದಿರಿ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು, ಅತ್ತೆಯ ಹತ್ತಿರ ನಾನು ಹಾಗೆ ಮಾತಾಡಿದ್ದು ಅದೇ ಮೊದಲು.

"ನೀವು ಆ ಬಿಸಿಲಲ್ಲಿ ಓಡಿ ಹೋಗಿ ತಂದಿದ್ರಿ," ಎಂದರು. "ಬೇಡ ಅಂದಿದ್ರೆ ಬೇಜಾರು ಮಾಡ್ಕೋತಿದ್ರಿ."